ಹಲಗಲಿ ಬೇಡರ ಲಾವಣಿ: ತಲೆಮಾರುಗಳ ನೋವು ಮತ್ತು ಅದರ ಶಮನ

1857ರಲ್ಲಿ ಕಂಪನಿ ಸರ್ಕಾರವು ಹೊರಡಿಸಿದ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಧಿಕ್ಕರಿಸಿದರು. ಆಯುಧವು ಅವರಿಗೆ ಜೀವನೋಪಾಯವೂ ಹೌದು, ಮಾನವೂ ಹೌದು. ನವೆಂಬರಿನ ಕೊನೆಯಲ್ಲಿ ಸೈನ್ಯವು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯ ಲಾವಣಿಯನ್ನು ಮುಂದೆ ಸಂಗ್ರಹಿಸಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಅದೇ ಆಳರಸರ ಅಧಿಕಾರಿಯಾಗಿದ್ದರು. ಮರಾಠಿಯಲ್ಲಿ ಲಾವಣಿಯು ಬಹುಮಟ್ಟಿಗೆ ಶೃಂಗಾರಗೀತ, ವೀರಕಥನಕ್ಕೆ ಪೋವಾಡಾ ಇದೆ. ಕನ್ನಡದ ಲಾವಣಿಯು ಈ ಎರಡನೆಯ ಹೊಣೆಯನ್ನೂ ಹೊತ್ತಿದೆ ಎಂಬುದನ್ನು ಹೊರನಾಡಿನ ವಿದ್ವಾಂಸರು ಗಮನಿಸಬೇಕು.

ಈ ಕೃತಿಯನ್ನು ನಮ್ಮ ವಿಮರ್ಶೆಯು ಸಾಮಾನ್ಯವಾಗಿ ಸ್ವಾತಂತ್ರ್ಯ ಹೋರಾಟದ ವೀರಗೀತೆಯೆಂದು ಓದಿದೆ. ಆ ಓದನ್ನು ನಾವು ಅಲ್ಲಗಳೆಯುವುದಿಲ್ಲವಾದರೂ ಅದು ಸಾಲದೆಂಬುದು ನಮ್ಮ ಅಭಿಪ್ರಾಯ. ಹನುಮ, ಬಾಲ, ಜಡಗ, ರಾಮರ ಶೌರ್ಯವನ್ನು ಹೇಳಿದ ಕವಿ, ಲೂಟಿಯ ಭಾಗಕ್ಕೆ ಬಂದಾಗ ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಬೀಸುವ ಕಲ್ಲು, ಮಂಗಳಸೂತ್ರ ಎಂದು ಒಂದೊಂದನ್ನೇ ಎಣಿಸುತ್ತಾನೆ. ಗಲ್ಲಿಗೇರಿದವರ ಲೆಕ್ಕವನ್ನು ಸರ್ಕಾರವು ಇಟ್ಟಿತು. ಬರಿದಾದ ಅಡುಗೆಮನೆಯ ಲೆಕ್ಕವನ್ನು ಇಟ್ಟದ್ದು ಈ ಹಾಡು. ಸಾವನ್ನು ಕಣ್ಣಾರೆ ಕಾಣದ ಮೊಮ್ಮಕ್ಕಳಿಗೂ ಬೀಸುವ ಕಲ್ಲಿಲ್ಲದ ಮನೆ ಎಂದರೇನೆಂದು ತಿಳಿಯುತ್ತದೆ. ನೋವು ಮುಂದಿನ ತಲೆಮಾರಿಗೆ ದಾಟುವುದು ಇಂತಹ ವಸ್ತುಗಳ ಮೂಲಕ.

ಮಧ್ಯಕಾಲೀನ ವೀರಗಲ್ಲುಗಳೊಡನೆ ಹೋಲಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಮಡಿದ ವೀರನನ್ನು ಅಪ್ಸರೆಯರು ಮೇಲಿನ ಪಟ್ಟಿಕೆಗೆ ಒಯ್ಯುತ್ತಾರೆ. ಉಳಿದವರಿಗೆ ಸ್ವರ್ಗದ ಸಮಾಧಾನವಿದೆ. ಲಾವಣಿಯಲ್ಲಿ ಸ್ವರ್ಗವಿಲ್ಲ. ಊರು ಬೂದಿಯಾಯಿತು, ಗುರುತೂ ಉಳಿಯಲಿಲ್ಲ ಎಂಬಲ್ಲಿಗೆ ಕಥೆಯು ನಿಲ್ಲುತ್ತದೆ. ಹಾಗಾದರೆ ಶಮನವೆಲ್ಲಿ? ಹಾಡಿಕೆಯಲ್ಲಿ ಎನ್ನುವುದು ನಮ್ಮ ಉತ್ತರ. ಒಬ್ಬೊಬ್ಬರ ಮನೆಯ ನಷ್ಟವು ಮೇಳದ ಹಾಡಾಗಿ, ಕೂಡಿ ಕೇಳುವವರೆಲ್ಲರ ನೆನಪಾಗುತ್ತದೆ. ಗಾಯವು ಮಾಯುವುದಿಲ್ಲ, ಆದರೆ ಅದನ್ನು ಒಬ್ಬರೇ ಹೊರಬೇಕಾಗುವುದಿಲ್ಲ. ಅಚ್ಚಿನ ಪಾಠವನ್ನಷ್ಟೇ ಓದುವ ನಮಗೆ ಈ ಅರ್ಥವು ಸುಲಭವಾಗಿ ತಪ್ಪಿಹೋಗುತ್ತದೆ.

ಅದೇ 1857ರ ಅಕ್ಟೋಬರಿನಲ್ಲಿ ನಾಸಿಕದ ಸೀಮೆಯಲ್ಲಿ ಭಾಗೋಜಿ ನಾಯಕನ ಭಿಲ್ಲರೂ ಬಂಡೆದ್ದಿದ್ದರು. 1859ರಲ್ಲಿ ಆತನು ಹತನಾದನು. ನಾಸಿಕದಲ್ಲಿಯೂ, ಅಂದು ನಿಜಾಮನ ಆಳ್ವಿಕೆಯಲ್ಲಿದ್ದ ನೆರೆಯ ವೈಜಾಪುರದಲ್ಲಿಯೂ ಭಿಲ್ಲರ ಹಾಡುಗಳನ್ನು ಅರಸುವವರು ವೀರನ ಹೆಸರಿಗಷ್ಟೇ ತೃಪ್ತರಾಗದೆ, ಅವುಗಳಲ್ಲಿ ಮನೆಯ ಯಾವ ವಸ್ತುಗಳು ಉಳಿದಿವೆ ಎಂಬುದನ್ನೂ ಕೇಳಬೇಕೆಂದು ನಾವು ಸೂಚಿಸುತ್ತೇವೆ.