ಕಾನೂನು ಮೇಷ್ಟ್ರು ಮತ್ತು ಕಕ್ಷಿದಾರನ ಭಾಷೆ

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿ ಬೆಳೆಸಿದ ಎನ್.ಆರ್. ಮಾಧವ ಮೆನನ್ 2019ರಲ್ಲಿ ತೀರಿಕೊಂಡರು. ವೈದ್ಯ ವಿದ್ಯಾರ್ಥಿ ರೋಗಿಯ ಪಕ್ಕ ನಿಂತು ಕಲಿಯುವಂತೆ ಕಾನೂನು ವಿದ್ಯಾರ್ಥಿ ಕಕ್ಷಿದಾರನೆದುರು ಕೂತು ಕಲಿಯಬೇಕೆಂಬುದು ಅವರ ಬೋಧನೆಯ ತಿರುಳು. 1997ರಲ್ಲಿ ಭಾರತೀಯ ವಕೀಲರ ಪರಿಷತ್ತು ಕಾನೂನು ನೆರವನ್ನು ಪಠ್ಯದೊಳಗೆ ತಂದಿತು. ಮರುವರ್ಷ ಮೆನನ್ ಸಂಪಾದಿಸಿದ ಕೈಪಿಡಿ ಬಂತು. ಈ ಸಾಧನೆಯನ್ನು ಗೌರವಿಸುತ್ತಲೇ ಒಂದು ಪ್ರಶ್ನೆ ಕೇಳಬೇಕಾಗಿದೆ: ಎದುರು ಕೂತ ಕಕ್ಷಿದಾರನ ಭಾಷೆಯನ್ನು ಕಲಿಸುವವರು ಯಾರು?

ತಿ. ನರಸೀಪುರದ ರೈತ ತಂದ ಬಿತ್ತನೆ ಭತ್ತ ಮೊಳೆಯಲಿಲ್ಲ ಎನ್ನೋಣ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನು ವಕೀಲರಿಲ್ಲದೆ, ತನ್ನ ಜಿಲ್ಲೆಯಲ್ಲೇ, 2 ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ಜೀವನಾಂಶ ಕೇಳುವ ಹೆಂಗಸಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು. ಹಕ್ಕುಗಳು ಇವೆ, ಅವು ಕಿವಿಗೆ ಬೀಳುವ ಮಾತು ಮಾತ್ರ 'ಸಕ್ಷಮ ಪ್ರಾಧಿಕಾರ', 'ವ್ಯಾಜ್ಯಪೂರ್ವ ಪ್ರಕರಣ'. ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದೆವು ಎಂದುಕೊಂಡವರು ಇನ್ನೊಂದು ಬಾಗಿಲು ಹಾಕಿದ್ದಾರೆ.

ಸಂತೆಯಲ್ಲಿ ನಿಂತವರ ಬಾಯಲ್ಲಿ ಬೇರೆಯೇ ಕಾನೂನು ನಿಘಂಟು ಇದೆ: ವಕೀಲ, ಅರ್ಜಿ, ತಕರಾರು, ಜಾಮೀನು, ರಸೀದಿ, ಹಕ್ಕು. ಅರಬ್ಬಿ, ಫಾರಸಿಯಿಂದ ಬಂದ ಈ ಮಾತುಗಳ ಜಾತಿಯನ್ನು ಯಾವ ಒಕ್ಕಲಿಗನೂ ಕೇಳಲಿಲ್ಲ, ಯಾವ ಸಾಬಿಯೂ ತನ್ನದೆಂದು ಜಂಭಪಡಲಿಲ್ಲ. ನ್ಯಾಯ ಬೇಕಾದವರೆಲ್ಲ ಸೇರಿ ಸವೆಸಿದ ನಾಣ್ಯಗಳಿವು.

ಇದು ಬರೀ ಪದಗಳ ಜಗಳವಲ್ಲ. ಲೋಕ ಅದಾಲತ್ತಿನಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ. ಓದಿ ಹೇಳಿದ್ದು ಅರ್ಥವಾಗದೆ ಹೆಬ್ಬೆಟ್ಟು ಒತ್ತಿದರೆ ಆ ಮನೆಯ ಗತಿ ಅಲ್ಲಿಗೆ ತೀರ್ಮಾನವಾಯಿತು. ಉರ್ದುವಿನಲ್ಲಿ 'ರಾಜಿ' ಎಂದರೆ ಮನಸಾರೆ ಒಪ್ಪಿದವನು. ದಣಿದು ಸಹಿ ಹಾಕಿದವನಲ್ಲ. ಆ ವ್ಯತ್ಯಾಸವನ್ನು ಗುರುತಿಸುವುದೇ ಕಾನೂನು ನೆರವಿನ ಮೊದಲ ಪಾಠವಾಗಬೇಕು.

ಆದ್ದರಿಂದ ಕಾನೂನು ಕಾಲೇಜಿನ ಪರೀಕ್ಷೆಯಲ್ಲಿ ಸೆಕ್ಷನ್ನುಗಳ ಜೊತೆಗೆ ಇನ್ನೊಂದು ಪ್ರಶ್ನೆಯಿರಲಿ: ಕಕ್ಷಿದಾರ ಹೇಳಿದ್ದನ್ನು ಅವನದೇ ಮಾತಿನಲ್ಲಿ ಬರೆದು, ಅವನಿಗೇ ಓದಿ ಹೇಳಿ. ಅವನು 'ಹೌದು, ಇದೇ ನಾನಂದದ್ದು' ಎಂದರೆ ಮಾತ್ರ ಅಂಕ ಕೊಡಿ.