ಟಂಟಂನ ತವರು: ಪಿಯಾಜಿಯೊ ಯಂತ್ರಗಳ ವಿಮರ್ಶೆ

ಇಟಲಿಯ ಮೋಟಾರ್‌ಸೈಕಲ್‌ಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವೇಗದಿಂದ ಶುರು ಮಾಡುತ್ತಾರೆ. ಬೊಲೊನ್ಯ ನಗರದ ಡುಕಾಟಿ, 1921ರಲ್ಲಿ ಹುಟ್ಟಿದ ಮೋಟೊ ಗುಜ್ಜಿ, ವರ್ಷಗಟ್ಟಲೆ ರೇಸುಗಳನ್ನು ಆಳಿದ ಎಂವಿ ಅಗುಸ್ತ, ಇವುಗಳ ಹೆಸರೇ ಮೊದಲು ಬರುತ್ತದೆ. ಅವು ಚೆಂದದ ಯಂತ್ರಗಳು, ಅನುಮಾನವಿಲ್ಲ. ಆದರೆ ನಮ್ಮ ವಿಜಯಪುರ ಸೀಮೆಯ ಜೈನಾಪುರದಂಥ ಊರಿನ ರೈತನ ದಿನಚರಿಯನ್ನು ಅವುಗಳಲ್ಲಿ ಒಂದೂ ಮುಟ್ಟಲಿಲ್ಲ. ಮುಟ್ಟಿದ್ದು ಪಿಯಾಜಿಯೊ. ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆಗೆ ಓಡುವ ಮೂರು ಚಕ್ರದ ಟಂಟಂಗೆ ರೂಪ ಕೊಟ್ಟದ್ದು ಆ ಕಂಪನಿಯ ‘ಆಪೆ’. ಒಂದು ಕಾಲಕ್ಕೆ ಹಾಲಿನ ಕ್ಯಾನು ಕಟ್ಟಿಕೊಂಡು ಓಡಾಡಿದ ಲೂನಾಕ್ಕೆ ಮಾದರಿಯಾದದ್ದು ಅದರ ‘ಚಾವೊ’. ಮಾಸ್ತರರ ಮನೆ ಮುಂದೆ ನಿಲ್ಲುತ್ತಿದ್ದ ಬಜಾಜ್ ಸ್ಕೂಟರು ಅದರ ‘ವೆಸ್ಪಾ’ದ ಸಂತಾನ. ಒಂದೇ ಮನೆತನದ ಮೂರು ಯಂತ್ರಗಳು ನಮ್ಮ ಸೀಮೆಗೆ ಬಂದು, ತವರಿನ ಹೆಸರು ಕಳಚಿಕೊಂಡು, ಇಲ್ಲಿಯವೇ ಆಗಿಬಿಟ್ಟಿವೆ.

ಇವುಗಳ ಬೆಲೆ ಕಟ್ಟಲು ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಅಳತೆ ಸಾಲದು. ಬಳಸುವವರ ಮೈ, ಬಟ್ಟೆ, ದಾರಿ, ಹೊರೆ, ಈ ನಾಲ್ಕನ್ನು ಯಂತ್ರ ಎಷ್ಟು ಅರಿತುಕೊಂಡು ಹುಟ್ಟಿದೆ ಎಂದು ಕೇಳಬೇಕು. ಈ ಅಳತೆಯನ್ನು ನಮಗೆ ಕಲಿಸಿದ್ದೂ ಪಿಯಾಜಿಯೊದ ವೆಸ್ಪಾವೇ.

ರಿನಾಲ್ದೊ ಪಿಯಾಜಿಯೊ 1884ರಲ್ಲಿ ಜಿನೋವಾ ಹತ್ತಿರ ಕಾರ್ಖಾನೆ ತೆರೆದಾಗ ಅಲ್ಲಿ ತಯಾರಾಗುತ್ತಿದ್ದದ್ದು ಹಡಗುಗಳ ಒಳಾಂಗಣದ ಸಾಮಾನು. ಆಮೇಲೆ ರೈಲು ಬೋಗಿಗಳು ಬಂದವು, ಅನಂತರ ವಿಮಾನಗಳು. ಎರಡನೇ ಮಹಾಯುದ್ಧದಲ್ಲಿ ಪೊಂತೆದೆರಾದ ಅವರ ವಿಮಾನ ಕಾರ್ಖಾನೆ ಬಾಂಬಿಗೆ ತುತ್ತಾಯಿತು. ಯುದ್ಧ ಮುಗಿದಾಗ ಇಟಲಿಗೆ ಯುದ್ಧವಿಮಾನ ಬೇಕಿರಲಿಲ್ಲ. ಮುರಿದ ರಸ್ತೆಗಳ ಮೇಲೆ ಕಡಿಮೆ ಖರ್ಚಿನಲ್ಲಿ ಓಡುವ ಗಾಡಿ ಬೇಕಿತ್ತು. ರಿನಾಲ್ದೊನ ಮಗ ಎನ್ರಿಕೊ ಆ ಕೆಲಸವನ್ನು ವಿಮಾನ ಎಂಜಿನಿಯರ್ ಕೊರಾದಿನೊ ದಾಸ್ಕಾನಿಯೊಗೆ ಒಪ್ಪಿಸಿದ. 1930ರಷ್ಟು ಹಿಂದೆಯೇ ಹೆಲಿಕಾಪ್ಟರ್ ಹಾರಿಸಿ ತೋರಿಸಿದ್ದ ದಾಸ್ಕಾನಿಯೊಗೆ ಮೋಟಾರ್‌ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಹತ್ತಲು ಕಾಲೆತ್ತಿ ಹಾಕಬೇಕು, ಚೈನಿನ ಎಣ್ಣೆ ಬಟ್ಟೆಗೆ ಸಿಡಿಯುತ್ತದೆ, ಚಕ್ರ ಪಂಕ್ಚರ್ ಆದರೆ ಬಿಚ್ಚುವುದೇ ಒಂದು ಪಾಡು ಎಂಬವು ಅವನ ತಕರಾರುಗಳು.

1946ರ ಏಪ್ರಿಲ್ 23ರಂದು ಪೇಟೆಂಟಿಗೆ ಅರ್ಜಿ ಹಾಕಿದ ವೆಸ್ಪಾದಲ್ಲಿ ಆ ಒಂದೊಂದು ತಕರಾರಿಗೂ ಒಂದೊಂದು ಉತ್ತರವಿದೆ. ಕಾಲೆತ್ತಬೇಕಿಲ್ಲ, ನಡುವೆ ಹಾದು ಕುಳಿತರಾಯಿತು. ಚೈನಿಲ್ಲ, 98 ಸಿಸಿ ಎಂಜಿನ್ ಹಿಂದಿನ ಚಕ್ರದ ಪಕ್ಕದಲ್ಲೇ ಕುಳಿತು ನೇರವಾಗಿ ಅದನ್ನು ತಿರುಗಿಸುತ್ತದೆ. ಮುಂದಿನ ಚಕ್ರವನ್ನು ವಿಮಾನದ ಚಕ್ರದಂತೆ ಒಂದೇ ತೋಳು ಹಿಡಿದಿದೆ, ಆದ್ದರಿಂದ ಕಾರಿನ ಚಕ್ರದಷ್ಟೇ ಸುಲಭವಾಗಿ ಬಿಚ್ಚಬಹುದು. ಪ್ರತ್ಯೇಕ ಚೌಕಟ್ಟಿಲ್ಲ, ಒತ್ತಿ ರೂಪಿಸಿದ ಉಕ್ಕಿನ ತಗಡೇ ಮೈಯೂ ಹೌದು, ಮೂಳೆಯೂ ಹೌದು. ಮೋಟಾರ್‌ಸೈಕಲ್ ಓಡಿಸುವವರಿಗಾಗಿ ಅಲ್ಲ, ಅದನ್ನು ಓಡಿಸಲು ಹಿಂಜರಿದವರಿಗಾಗಿ ಕಟ್ಟಿದ ಗಾಡಿ ಇದು. ಇಪ್ಪತ್ತನೇ ಶತಮಾನದ ವಿನ್ಯಾಸಗಳಲ್ಲಿ ವೆಸ್ಪಾಕ್ಕೆ ಸಿಕ್ಕ ಗೌರವ ಅದರ ಗುಂಡನೆಯ ಅಂದಕ್ಕೆ ಸಂದದ್ದು ಎಂದು ಹಲವರು ತಿಳಿದಿದ್ದಾರೆ. ಆ ಅಂದವೂ ಈ ಉತ್ತರಗಳಿಂದಲೇ ಹುಟ್ಟಿತು.

1960ರ ದಶಕದ ಆರಂಭದಲ್ಲಿ ಬಜಾಜ್ ಆಟೊ ಪಿಯಾಜಿಯೊದ ಲೈಸೆನ್ಸಿನಡಿ ಸ್ಕೂಟರ್ ತಯಾರಿಸತೊಡಗಿತು. 1971ರಲ್ಲಿ ಒಪ್ಪಂದ ಮುಗಿಯಿತು, 1972ರಲ್ಲಿ ಅದೇ ವಂಶದ ಚೇತಕ್ ಬಂತು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಇಟಲಿಯ ಅಂಗಿ ಕೊಳೆಯಾಗದಿರಲೆಂದು ಮಾಡಿದ ವ್ಯವಸ್ಥೆ ನಮ್ಮ ಧೋತರಕ್ಕೂ ಇಳಕಲ್ ಸೀರೆಗೂ ಹೇಳಿ ಮಾಡಿಸಿದಂತೆ ಒಪ್ಪಿತು. ಮುಂದೆ ಮಗು ನಿಲ್ಲುವ ಜಾಗದಲ್ಲೇ ಗ್ಯಾಸ್ ಸಿಲಿಂಡರ್ ಬಂತು, ಹಿಂದೆ ಹೆಂಡತಿ ಒಂದು ಬದಿಗೆ ಕುಳಿತಳು, ಸ್ಟೆಪ್ನಿ ಇದ್ದುದರಿಂದ ದಾರಿಯಲ್ಲಿ ಚಕ್ರ ಕೈಕೊಟ್ಟರೂ ಸಂಸಾರ ನಡುನೀರಿನಲ್ಲಿ ನಿಲ್ಲಲಿಲ್ಲ.

ದೋಷಗಳೂ ಇದ್ದವು. ಎಂಜಿನ್ ಬಲಬದಿಗೆ ಇದ್ದುದರಿಂದ ಗಾಡಿಯ ತೂಕ ಒಂದು ಕಡೆಗೆ ಎಳೆಯುತ್ತಿತ್ತು. ಚಿಕ್ಕ ಚಕ್ರಗಳು ಡಾಂಬರಿನ ಮೇಲೆ ಸರಾಗ, ತಗ್ಗು ಬಿದ್ದ ರಸ್ತೆಯಲ್ಲಿ ಸಂಕಟ. ವಿಜಯಪುರ ಸೀಮೆಯ ಎರಿ ಮಣ್ಣು ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿಕೊಂಡರಂತೂ ಸ್ಕೂಟರಿನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಹೀಗಾಗಿ ಅದು ಮಾಸ್ತರರ, ವಕೀಲರ, ಬ್ಯಾಂಕಿನವರ ಗಾಡಿಯಾಗಿ ಉಳಿಯಿತು. ಮೈಯನ್ನೂ ಬಟ್ಟೆಯನ್ನೂ ಅರಿತಿದ್ದ ವೆಸ್ಪಾ ಹೊಲದ ದಾರಿಯನ್ನು ಅರಿಯಲಿಲ್ಲ.

ಲೂನಾದ ಕಥೆ ಚಿಕ್ಕದು, ಶುದ್ಧವಾದದ್ದು. 1967ರಲ್ಲಿ ಪಿಯಾಜಿಯೊ ಇಟಲಿಯ ಹುಡುಗ ಹುಡುಗಿಯರಿಗಾಗಿ ಚಾವೊ ಎಂಬ ಮೊಪೆಡ್ ತಂದಿತು. ಅದರ ಮಾದರಿಯಲ್ಲೇ ಕೈನೆಟಿಕ್ ಎಂಜಿನಿಯರಿಂಗ್ 1972ರಲ್ಲಿ 50 ಸಿಸಿಯ ಲೂನಾವನ್ನು ಬಿಡುಗಡೆ ಮಾಡಿತು. ಗೇರ್ ಇಲ್ಲ, ಕ್ಲಚ್ ಹಿಡಿಯುವ ತಾಪತ್ರಯವಿಲ್ಲ. ಪೆಡಲ್ ತುಳಿದರೆ ಶುರು, ಪೆಟ್ರೋಲ್ ಮುಗಿದರೆ ಅದೇ ಪೆಡಲ್ ಮನೆ ಮುಟ್ಟಿಸುತ್ತದೆ. ಸೈಕಲ್ ಬಲ್ಲವರೆಲ್ಲ ಓಡಿಸಬಹುದಾಗಿದ್ದ ಈ ಗಾಡಿಯಿಂದ ಎಷ್ಟೋ ಹೆಣ್ಣುಮಕ್ಕಳು, ವಯಸ್ಸಾದವರು ಮೊದಲ ಬಾರಿಗೆ ಯಂತ್ರದ ಹ್ಯಾಂಡಲ್ ಹಿಡಿದರು. ತನ್ನ ಶಕ್ತಿಯನ್ನು ಮೀರಿದ್ದನ್ನು ಅದು ಎಂದೂ ಹೇಳಿಕೊಳ್ಳಲಿಲ್ಲ. ಅದರ ಮಿತಿಯೂ ಅಲ್ಲೇ ಇತ್ತು. ಎದುರುಗಾಳಿಯಲ್ಲಿ ಏದುಸಿರು ಬಿಡುತ್ತಿತ್ತು, ಇಬ್ಬರು ಕುಳಿತರೆ ಬಳಲುತ್ತಿತ್ತು. ಎಂಬತ್ತರ ದಶಕದಲ್ಲಿ ಜಪಾನಿನ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದಾಗ ಅದು ಹಿಂದೆ ಸರಿಯಿತು, ಹೊಲದ ಕೆಲಸವನ್ನು ಟಿವಿಎಸ್ ಎಕ್ಸೆಲ್ ಹಿಡಿಯಿತು. 2024ರಲ್ಲಿ ಬ್ಯಾಟರಿಯ ಇ-ಲೂನಾ ಬಂದಿರುವುದು ಹಳೆಯ ಆಲೋಚನೆಗೆ ಇನ್ನೂ ಜೀವವಿದೆ ಎಂಬುದಕ್ಕೆ ಸಾಕ್ಷಿ.

ಇನ್ನು ಆಪೆ. ಈ ಮೂರರಲ್ಲಿ ಅತ್ಯಂತ ದೊಡ್ಡ ಕೃತಿ ಇದೇ, ಅತ್ಯಂತ ಗಂಭೀರ ಆಕ್ಷೇಪ ಇರುವುದೂ ಇದರ ಬಗ್ಗೆಯೇ.

1948ರಲ್ಲಿ ದಾಸ್ಕಾನಿಯೊ ವೆಸ್ಪಾದ ಮುಂಭಾಗವನ್ನು ಹಾಗೇ ಉಳಿಸಿಕೊಂಡು ಹಿಂದೆ ಎರಡು ಚಕ್ರ, ಅವುಗಳ ಮೇಲೆ ಒಂದು ಸಾಮಾನಿನ ತೊಟ್ಟಿ ಜೋಡಿಸಿದ. 125 ಸಿಸಿ ಎಂಜಿನ್, 200 ಕಿಲೋ ಹೊರೆ. ಯುದ್ಧದಲ್ಲಿ ಎಲ್ಲ ಕಳೆದುಕೊಂಡ ಸಣ್ಣ ವ್ಯಾಪಾರಿಗಳು ಲಾರಿ ಕೊಳ್ಳಲಾರರು, ಅವರಿಗೆ ತರಕಾರಿ, ಬ್ರೆಡ್ಡು, ಇಟ್ಟಿಗೆ ಸಾಗಿಸಲು ಏನಾದರೂ ಬೇಕು ಎಂಬ ಲೆಕ್ಕ. 1956ರಲ್ಲಿ ಚಾಲಕನಿಗೆ ಮುಚ್ಚಿದ ಕ್ಯಾಬಿನ್ ಬಂತು, ಅರವತ್ತರ ದಶಕದಲ್ಲಿ ಎಂಜಿನ್ ಹಿಂದಕ್ಕೆ ಹೋಯಿತು, 1982ರ ಟಿಎಂ ಮಾದರಿಗೆ ಕಾರುಗಳ ಹೆಸರಾಂತ ವಿನ್ಯಾಸಕಾರ ಜುಜಾರೊ ರೂಪ ಕೊಟ್ಟ. ಮುಂದೊಂದು ಹಿಂದೆರಡು ಚಕ್ರದ ತ್ರಿಕೋನ ಮಾತ್ರ ಮೊದಲ ದಿನದಿಂದ ಇಂದಿನವರೆಗೆ ಹಾಗೇ ಉಳಿದಿದೆ.

ನಮ್ಮ ಆಟೊರಿಕ್ಷಾ ಕೂಡ ಇದೇ ಬಳ್ಳಿಯ ಕುಡಿ. ಆದರೆ ಆಪೆ ತನ್ನದೇ ರೂಪದಲ್ಲಿ ಬಂದದ್ದು ತೊಂಬತ್ತರ ದಶಕದ ಕೊನೆಗೆ, ಗ್ರೀವ್ಸ್ ಕಂಪನಿಯ ಜತೆಗಿನ ಪಾಲುದಾರಿಕೆಯಲ್ಲಿ. ಕಾರ್ಖಾನೆ ಮಹಾರಾಷ್ಟ್ರದ ಬಾರಾಮತಿಯಲ್ಲಿ, ಎಂದರೆ ವಿಜಯಪುರದವರಿಗೆ ಸೊಲ್ಲಾಪುರದ ಆಚೆಯ ನೆರೆಯಲ್ಲಿ. 2001ರಲ್ಲಿ ಗ್ರೀವ್ಸ್ ತನ್ನ ಪಾಲು ಬಿಟ್ಟುಕೊಟ್ಟು ಹೊರಬಂದರೂ ಅದರ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ ಆಪೆಯ ಎದೆಬಡಿತವಾಗಿ ಉಳಿಯಿತು. ಪೆಟ್ರೋಲಿಗಿಂತ ಅಗ್ಗದ ಡೀಸೆಲ್, ಊರಿನ ಮೆಕ್ಯಾನಿಕ್ ಬಿಚ್ಚಿ ಕಟ್ಟಬಲ್ಲ ಸರಳ ಎಂಜಿನ್, ಸಂದಿಯಲ್ಲೂ ತಿರುಗುವ ಚಿಕ್ಕ ಮೈ ಸೇರಿ ಆಪೆಯನ್ನು ಹಳ್ಳಿಗೆ ತಲುಪಿಸಿದವು. ಇಂದು ಮಹೀಂದ್ರಾ, ಬಜಾಜ್ ಗಾಡಿಗಳೂ ಟಂಟಂ ಎನ್ನಿಸಿಕೊಳ್ಳುತ್ತವೆ.

ತಿಕೋಟಾ, ಬಬಲೇಶ್ವರ 2018ರಿಂದ ತಾಲೂಕು ಕೇಂದ್ರಗಳು. ಆದರೂ ದೊಡ್ಡ ಆಸ್ಪತ್ರೆ, ಕಾಲೇಜು, ಮಾರುಕಟ್ಟೆ ಎಲ್ಲಕ್ಕೂ ವಿಜಯಪುರಕ್ಕೇ ಬರಬೇಕು. ಜನ ಊರೊಳಗೆ ಮಾತ್ರ ಇಲ್ಲ, ಹೊಲದ ನಡುವಿನ ತೋಟದ ವಸ್ತಿಗಳಲ್ಲಿ ಹರಡಿಕೊಂಡಿದ್ದಾರೆ. ಬಸ್ಸು ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗುತ್ತದೆ, ಟಂಟಂ ಕೈ ಮಾಡಿದಲ್ಲಿ ನಿಲ್ಲುತ್ತದೆ. ದ್ರಾಕ್ಷಿ ಪಡಕ್ಕೆ ಔಷಧದ ಡಬ್ಬಿ, ಒಣದ್ರಾಕ್ಷಿಯ ಬಾಕ್ಸು, ಉಳ್ಳಾಗಡ್ಡಿ ಚೀಲ, ಮೇವು, ಹೆರಿಗೆ ನೋವಿನ ಹೆಣ್ಣುಮಗಳು, ಪರೀಕ್ಷೆಗೆ ಹೊರಟ ಹುಡುಗರು, ಎಲ್ಲರಿಗೂ ಅದೇ ಗಾಡಿ. ಸಾಲ ತೆಗೆದು ಒಂದು ಟಂಟಂ ಕೊಂಡ ಯುವಕನಿಗೆ ಊರು ಬಿಡದೆ ಬದುಕುವ ದಾರಿಯಾಯಿತು. ರೈತನ ಹೊರೆಯನ್ನು ಇಷ್ಟು ಚೆನ್ನಾಗಿ ಅರಿತ ಇನ್ನೊಂದು ವಿದೇಶಿ ವಿನ್ಯಾಸ ನನಗೆ ಕಾಣುವುದಿಲ್ಲ. ಹಾಗಾಗಿ ಪಿಯಾಜಿಯೊ ತಯಾರಿಸಿದ್ದರಲ್ಲೆಲ್ಲ ಆಪೆಗೇ ಮೊದಲ ಸ್ಥಾನ ಎಂಬುದು ನನ್ನ ತೀರ್ಮಾನ.

ಆದರೆ ಆಪೆ ಸಾಮಾನಿಗಾಗಿ ಹುಟ್ಟಿದ ಗಾಡಿ. ಪ್ರಯಾಣಿಕರ ಮಾದರಿಗೂ ಅದೇ ತ್ರಿಕೋನವೇ ತಳಪಾಯ. ಗಾಡಿ ನೆಟ್ಟಗೆ ನಿಲ್ಲಬೇಕಾದರೆ ಅದರ ಭಾರದ ಕೇಂದ್ರ ಆ ಮೂರು ಚಕ್ರಗಳ ತ್ರಿಕೋನದೊಳಗೇ ಇರಬೇಕು. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೂ ಹೊರಬದಿಗೂ ಒಟ್ಟಿಗೆ ಸರಿಯುತ್ತದೆ, ತ್ರಿಕೋನ ಕಿರಿದಾಗಿರುವುದು ಸರಿಯಾಗಿ ಆ ಕಡೆಯೇ. ಹಿಂದೆ ಮಂದಿ ಹೆಚ್ಚಾಗಿ ಕುಳಿತರೆ ಮುಂದಿನ ಒಂಟಿ ಚಕ್ರ ಹಗುರಾಗಿ ಹ್ಯಾಂಡಲಿನ ಹಿಡಿತ ತಪ್ಪುತ್ತದೆ. ಚಾಲಕನ ಎರಡೂ ಬದಿಗೆ ಒಬ್ಬೊಬ್ಬರು ಕುಳಿತರೆ ಹ್ಯಾಂಡಲ್ ಪೂರ್ತಿ ತಿರುಗಿಸಲು ಅವನ ಮೊಣಕೈಗೆ ಜಾಗವಿಲ್ಲ. ಕಳೆ ಕೀಳಲು, ಹತ್ತಿ ಬಿಡಿಸಲು ಹೊರಟ ಹೆಣ್ಣಾಳುಗಳನ್ನು ಸಾಮಾನಿನ ತೊಟ್ಟಿಯಲ್ಲೇ ನಿಲ್ಲಿಸಿಕೊಂಡು ಹೋಗುವ ರೂಢಿಯಲ್ಲಿ ಈ ಎಲ್ಲ ದೋಷಗಳೂ ಒಟ್ಟಿಗೆ ಕೂಡಿಬರುತ್ತವೆ. ನಿಂತವರಿಂದ ಭಾರದ ಕೇಂದ್ರ ಇನ್ನೂ ಮೇಲೇರುತ್ತದೆ. ಟಂಟಂ ಪಲ್ಟಿಯಾಗಿ ಕೂಲಿ ಹೆಣ್ಣುಮಕ್ಕಳು ಸತ್ತ ಸುದ್ದಿ ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಇಂಥ ಕಾರಣಗಳಿವೆ.

ಪ್ರತಿ ಸಲವೂ ತಪ್ಪನ್ನು ಚಾಲಕನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತೇವೆ. ಅತಿಯಾಗಿ ತುಂಬಿದ್ದು ಅವನೇ ನಿಜ. ಆದರೆ ಆಳುಗಳನ್ನು ಹೊಲ ಮುಟ್ಟಿಸಲು ಬೇರೆ ಸಾಧನವಿಲ್ಲದ ಕಡೆ ಅವನ ಆಸೆಯ ಜತೆಗೆ ಜನರ ಅನಿವಾರ್ಯವೂ ಸೇರಿಕೊಂಡಿರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಯಿತು. ಆದರೆ ಬಸ್ಸೇ ಹೋಗದ ಹೊಲದ ದಾರಿಗೆ, ನಸುಕಿನ ಕೂಲಿಯ ಹೊತ್ತಿಗೆ ಆ ಸೌಲಭ್ಯ ಮುಟ್ಟುವುದಿಲ್ಲ. ಟಂಟಂ ಕಿಕ್ಕಿರಿದಷ್ಟೂ ಅಲ್ಲಿ ಸಾರಿಗೆ ವ್ಯವಸ್ಥೆಯ ಕೊರತೆ ಅಷ್ಟೇ ದೊಡ್ಡದಿದೆ ಎಂದು ಅರ್ಥ.

ಕಂಪನಿಯ ಹೊಣೆಯೂ ಚಿಕ್ಕದಲ್ಲ. ಕಾಲು ಶತಮಾನದಿಂದ ಈ ಗಾಡಿ ನಮ್ಮ ರಸ್ತೆಗಳಲ್ಲಿ ಹೇಗೆ ಬಳಕೆಯಾಗುತ್ತಿದೆ ಎಂಬುದು ಯಾರಿಗೂ ಗುಟ್ಟಲ್ಲ. ಇಷ್ಟರಲ್ಲಿ ಸಿಎನ್‌ಜಿ ಬಂತು, ಬಿಎಸ್-6 ಎಂಜಿನ್ ಬಂತು, 2019ರಲ್ಲಿ ಬ್ಯಾಟರಿಯ ಆಪೆಯೂ ಬಂತು. ಹೊಗೆ ಕಡಿಮೆಯಾಯಿತು, ಸದ್ದು ಇಳಿಯಿತು, ಒಳ್ಳೆಯದೇ. ಸಮತೋಲದ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ. ಅದಕ್ಕೆ ಉತ್ತರ ಹುಡುಕುವ ಜಾಣತನ ಈ ಕಂಪನಿಗೆ ಇಲ್ಲ ಎನ್ನುವಂತಿಲ್ಲ. 2006ರಲ್ಲಿ ಇದೇ ಪಿಯಾಜಿಯೊ ಎಂಪಿ3 ಎಂಬ ಮೂರು ಚಕ್ರದ ಸ್ಕೂಟರ್ ತಂದಿತು. ಅದರಲ್ಲಿ ಮುಂದೆ ಎರಡು ಚಕ್ರ, ಹಿಂದೆ ಒಂದು, ತಿರುವಿನಲ್ಲಿ ಗಾಡಿ ಸವಾರನ ಜತೆಗೇ ಬಾಗುತ್ತದೆ. ಬ್ರೇಕ್ ಒತ್ತಿದಾಗ ಭಾರ ಸರಿಯುವ ಕಡೆಗೇ ಎರಡು ಚಕ್ರಗಳ ಆಸರೆ ಇರುತ್ತದೆ. ಅಗ್ಗದ ಸರಕು ಗಾಡಿಗೆ ಆ ದುಬಾರಿ ಏರ್ಪಾಡನ್ನು ಹಾಗೇ ಹಾಕಲು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಯುರೋಪಿನ ಪಟ್ಟಣಿಗನಿಗಾಗಿ ಅಷ್ಟು ಆಳವಾಗಿ ಯೋಚಿಸಿದ ಮನೆತನ ಬಬಲೇಶ್ವರದ ಕೂಲಿ ಹೆಣ್ಣುಮಗಳಿಗಾಗಿಯೂ ಅಷ್ಟೇ ಯೋಚಿಸಬೇಕು.

ಕಂಪನಿಯ ಗಮನ ಈಗ ಎತ್ತ ಹರಿದಿದೆ ಎಂಬುದನ್ನೂ ನೋಡಬೇಕು. 2004ರ ಕೊನೆಗೆ ಅದು ಏಪ್ರಿಲಿಯಾ, ಮೋಟೊ ಗುಜ್ಜಿಗಳನ್ನು ತೆಕ್ಕೆಗೆ ತೆಗೆದುಕೊಂಡಿತು. 2012ರಲ್ಲಿ ಬಾರಾಮತಿಯಿಂದ ವೆಸ್ಪಾ ಮತ್ತೆ ಬಂತು, ಈ ಸಲ ಉಳಿದ ಸ್ಕೂಟರುಗಳಿಗಿಂತ ದುಬಾರಿಯಾಗಿ, ಪಟ್ಟಣದ ಶೋಕಿಯಾಗಿ. ಏಪ್ರಿಲಿಯಾದ ಆರ್‌ಎಸ್ 457 ಎಂಬ ವೇಗದ ಬೈಕು ಕೂಡ ಅದೇ ಬಾರಾಮತಿಯಲ್ಲಿ ತಯಾರಾಗುತ್ತದೆ. ಹೊಸ ವೆಸ್ಪಾ ಹಳೆಯದರ ರೂಪವನ್ನು ಅಚ್ಚುಕಟ್ಟಾಗಿ ಉಳಿಸಿಕೊಂಡಿದೆ, ಸಾಮಾನ್ಯರ ಗಾಡಿ ಎಂಬ ಅದರ ಮೂಲ ಧರ್ಮವನ್ನು ಕೈಬಿಟ್ಟಿದೆ. ಆ ಧರ್ಮ ಇಂದು ಆಪೆಯಲ್ಲಿ ಮಾತ್ರ ಉಳಿದಿದೆ.

ಮುಂದಿನ ಆಪೆ ಹೇಗಿರಬೇಕು ಎಂದು ಹೇಳುವುದು ಕಷ್ಟವೇನಲ್ಲ. ಬ್ಯಾಟರಿಯನ್ನು ನೆಲಕ್ಕೆ ಆದಷ್ಟು ಹತ್ತಿರ ಕೂರಿಸಿದರೆ ಭಾರದ ಕೇಂದ್ರ ತಾನಾಗಿ ಇಳಿಯುತ್ತದೆ. ಹಿಂದಿನ ಚಕ್ರಗಳ ಅಂತರ ಹೆಚ್ಚಿಸಬೇಕು. ಕೂಲಿಗೆ ಹೋಗುವವರು ಕುಳಿತು, ಹಿಡಿದುಕೊಂಡು ಹೋಗುವಂಥ ಒಂದು ಮಾದರಿ ಬೇಕು, ಅದಕ್ಕೆ ಸರ್ಕಾರ ನ್ಯಾಯವಾದ ಪರವಾನಗಿ ಕೊಡಬೇಕು. ಇದಕ್ಕೆಲ್ಲ ಮೊದಲು ಆಗಬೇಕಾದದ್ದು ದಾಸ್ಕಾನಿಯೊ 1946ರಲ್ಲಿ ಮಾಡಿದ ಕೆಲಸ. ಅವನು ಗಾಡಿ ಏರಲು ಹಿಂಜರಿಯುವವರ ತಕರಾರುಗಳನ್ನು ಒಂದೊಂದಾಗಿ ಎದುರಿಟ್ಟುಕೊಂಡು ವೆಸ್ಪಾ ಕಟ್ಟಿದ. ಬಾರಾಮತಿಯ ಎಂಜಿನಿಯರುಗಳು ತಿಕೋಟಾದ ದ್ರಾಕ್ಷಿ ಪಡಗಳ ದಾರಿಯಲ್ಲಿ ಟಂಟಂ ಏರುವವರ ತಕರಾರುಗಳನ್ನು ಕೇಳಿಸಿಕೊಂಡು ಗಾಡಿ ಕಟ್ಟಿದ ದಿನ ಆಪೆ ತನ್ನ ಹಿರಿಮೆಗೆ ತಕ್ಕ ಪೂರ್ಣತೆ ಪಡೆಯುತ್ತದೆ.