ಬಂಗಾಳದ ಹುಲಿ ಹುಟ್ಟಿದ್ದು ಮೈಸೂರಿನಲ್ಲಿ

ಮೊದಲು ಬಣ್ಣ ಬಳಿದ ಹಳೆಯ ಪತ್ರಿಕೆ ಹಾಳೆಗಳ ಮಾತು. ಅದನ್ನು ಬೇಗ ಮುಗಿಸಿಬಿಡುತ್ತೇನೆ. ಮೂಡಿಗೆರೆ, ಕಳಸದ ಕಡೆ ಹೋಂಸ್ಟೇ ಗೋಡೆಗಳಿಗೆ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪುಟ ಕತ್ತರಿಸಿ ಫ್ರೇಮು ಹಾಕುವ ಖಯಾಲಿ ಶುರುವಾಗಿದೆ. 1857ರ ಸಿಪಾಯಿ ದಂಗೆಯ ದೆಹಲಿ, ಲಖನೌ. ಕೆಂಪು ಕೋಟು, ನೀಲಿ ಆಕಾಶ. ಆ ವಾರಗಳ ಸುದ್ದಿಚಿತ್ರಗಳು ಅಚ್ಚಾದದ್ದು ಬರೀ ಕಪ್ಪು ಶಾಯಿಯಲ್ಲಿ. ಬಣ್ಣ ಆಮೇಲೆ ಬಂದ ವ್ಯಾಪಾರಿಯದು. ಅದರಡಿ ಹೂತುಹೋಗುವುದು ಕೆತ್ತನೆ. ಬಾಕ್ಸ್‌ವುಡ್ ಮರದ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿದು ಮೇಲೆ ಚಿತ್ರ ಬರೆದು, ಬಿಚ್ಚಿ, ಆಳಿಗೊಂದರಂತೆ ಹಂಚಿ, ರಾತ್ರಿಯೆಲ್ಲ ಕೆತ್ತಿಸಿ ಮತ್ತೆ ಜೋಡಿಸುತ್ತಿದ್ದರು. ಕೂಡುವ ಜಾಗದಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಉಳಿಯುತ್ತದೆ. ಹಳೆಯ ಅಚ್ಚುಚಿತ್ರ ಸಂಗ್ರಹಿಸುವ ನಮ್ಮಂಥವರು ಮೊದಲು ಹುಡುಕುವುದೇ ಅದನ್ನು. ದೆಹಲಿಯನ್ನು ಕಣ್ಣಲ್ಲಿ ಕಾಣದ ಐದಾರು ಜನ ಸೇರಿ ದೆಹಲಿಯನ್ನು ಕೆತ್ತಿದ್ದಾರೆ ಎಂಬುದಕ್ಕೆ ಅದೇ ರುಜು.

‘ನಮ್ಮ ಮಲೆನಾಡಿನ ದಂಗೆಯ ಚಿತ್ರ ಇಲ್ಲವೇ?’ ಎಂದು ಕೇಳುವವರಿದ್ದಾರೆ. ಮಲೆನಾಡಿನ ನಗರ ಸೀಮೆಯ ರೈತರು ಎದ್ದದ್ದು 1830ರಲ್ಲಿ. ಅದೇ ನೆಪವಾಗಿ ಮರುವರ್ಷ ಮೈಸೂರಿನ ಆಡಳಿತ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ತರೀಕೆರೆಯ ಪಾಳೆಯಗಾರರೂ ಅದರಲ್ಲಿದ್ದರು. ‘ಲಂಡನ್ ನ್ಯೂಸ್’ ಶುರುವಾದದ್ದು 1842ರಲ್ಲಿ, ಹಾಗಾಗಿ ಅದರಲ್ಲಿ ಆ ದಂಗೆಯ ಸುದ್ದಿಚಿತ್ರವಿಲ್ಲ.

ಆದರೆ ಮೈಸೂರು ಸೀಮೆ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬೇರೆಯವರ ಹೆಸರಿನಲ್ಲಿ ಕೂತಿದೆ. ನಗೆಪತ್ರಿಕೆಯ ಹಾಳೆ ನಮ್ಮ ಸಂಗ್ರಹಕ್ಕೆ ಸಲ್ಲದು ಎನ್ನುವ ಮಡಿವಂತ ಪಂಗಡ ದಯವಿಟ್ಟು ಮುಂದಿನ ಪುಟಕ್ಕೆ ಹೋಗಲಿ. 1857ರ ಆಗಸ್ಟ್ 22ರ ‘ಪಂಚ್’, ಎರಡು ಪುಟ ತುಂಬಿದ ಚಿತ್ರ, ಬರೆದವನು ಜಾನ್ ಟೆನಿಯಲ್. ಎಂಟು ವರ್ಷದ ಮೇಲೆ ‘ಆಲಿಸ್’ಗೆ ಚಿತ್ರ ಬರೆದನಲ್ಲ, ಅವನೇ. ನೆಲದಲ್ಲಿ ಬಿದ್ದ ಬಿಳಿಯ ಹೆಂಗಸು, ಮಗು, ಮೇಲೆ ಹುಲಿ, ಹುಲಿಯ ಮೇಲೆ ಹಾರುತ್ತಿರುವ ಸಿಂಹ. ಬ್ರಿಟಿಷ್ ಸಿಂಹ ಬಂಗಾಳದ ಹುಲಿಯ ಮೇಲೆ ತೀರಿಸಿಕೊಂಡ ಸೇಡು ಎಂದು ಕೆಳಗಿನ ಒಕ್ಕಣೆ. ಕೋವಿಯಿಲ್ಲ, ಕಂದಾಯವಿಲ್ಲ, ಕಾರಣವೂ ಇಲ್ಲ. ಮೃಗಕ್ಕೆ ಯಾರು ಕಾರಣ ಕೇಳುತ್ತಾರೆ? ಗೆರೆಯ ಬಿಗಿ ಮಾತ್ರ ಅದ್ಭುತ, ಹೊಟ್ಟೆಯುರಿದರೂ ಒಪ್ಪಬೇಕು.

ಬಂಗಾಳದ ಹುಲಿಯಂತೆ! ಈ ಜೋಡಿಯನ್ನು ಲೋಹದಲ್ಲಿ ಮೊದಲೇ ನೋಡಿದ್ದೇವೆ. ಶ್ರೀರಂಗಪಟ್ಟಣ ಬಿದ್ದ ನೆನಪಿಗೆ ಕಂಪನಿ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಹೊಡೆಸಿದ ಪದಕ: ಹುಲಿಯನ್ನು ಕೆಡವಿ ಮೇಲೇರಿದ ಸಿಂಹ, 1799ರ ಮೇ 4ರ ತಾರೀಖು. ಆ ಹುಲಿ ಟಿಪ್ಪುವಿನದು. ಅವನ ಮರದ ಹುಲಿಯೂ 1808ರಿಂದ ಲಂಡನ್ನಿನ ಕಂಪನಿ ಮ್ಯೂಸಿಯಮ್ಮಿನಲ್ಲಿ ಬಂದವರಿಗೆಲ್ಲ ಗುರುಗುಟ್ಟುತ್ತಿತ್ತು. ಟೆನಿಯಲ್ ಪದಕವನ್ನು ಎದುರಿಗಿಟ್ಟುಕೊಂಡೇ ಬರೆದ ಎಂದು ನಾನು ಹೇಳುವುದಿಲ್ಲ. ಆ ಹೊತ್ತಿಗೆ ಹುಲಿ ಲಂಡನ್ನಿನವರ ತಲೆಯಲ್ಲೇ ಮನೆ ಮಾಡಿತ್ತು.

ಪದಕದಲ್ಲಿ ದರ್ಜೆಗಳಿದ್ದವು. ಮೇಲಿನವರಿಗೆ ಚಿನ್ನ, ಬೆಳ್ಳಿ, ಕೆಳಗಿಳಿದಂತೆ ಕಂಚು. ಟಿಪ್ಪುವಿನ ವಿರುದ್ಧ ಕಾದಿದ ಸಾಮಾನ್ಯ ದೇಶೀ ಸಿಪಾಯಿಗೆ ತವರದ್ದು. ಸಿಂಹದ ಕಡೆಯವನೆಂದು ಅವನ ಕೈಗೆ ಅದನ್ನು ಕೊಟ್ಟದ್ದು. 1857ರ ‘ಪಂಚ್’ನಲ್ಲಿ ಹುಲಿಯಾದವನೂ ಅದೇ ಕಂಪನಿಯ ಸಿಪಾಯಿ.